ಎಡಗೈಯ ಬಳೆ

"ಎಡಗೈ ಬಿಡು ಚಮನಬಿ, ಆ ಕೈಗೆ ಬಳಿ ಬ್ಯಾಡ" ಎಂದು ಸರೋಜವ್ವ ಕೈ ಹಿಂದಕ್ಕೆಳೆದುಕೊಂಡಳು.

ಹಂದರದ ಕೆಳಗೆ ಬಳೆ ಇಡಿಸಿಕೊಳ್ಳಲು ಕುಳಿತಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು. ನಾಳೆ ಮಗಳ ಮದುವೆ, ಇವತ್ತು ಮದುಮಗಳ ತಾಯಿಯೇ ಬಳೆ ಬೇಡವೆಂದರೆ ಅಕ್ಕಿಆಲೂರಿನಲ್ಲಿ ಯಾರು ಸುಮ್ಮನಿರುತ್ತಾರೆ? ಗಂಡನ ಅಕ್ಕ ತಿಪ್ಪವ್ವನಂತೂ ಸುಮ್ಮನಿರುವ ಪೈಕಿಯಲ್ಲ.

"ಗಂಡ ಗಟ್ಟಿಮುಟ್ಟ ಅದಾನ, ನೀ ಬೋಳಗೈಲೆ ಮಗಳ ಮ್ಯಾಲೆ ಅಕ್ಕಿಕಾಳು ಹಾಕ್ತಿಯೇನ ಸರೋಜಾ? ಬೀಗರು ಏನಂದಾರು? ನಾಕ ಬಳಿ ಹಾಕ್ಕೊಂಡ್ರ ಏನೂ ಆಗೂದಿಲ್ಲ. ಚಮನಬಿ, ನೀ ಹಿಚುಕಿ ಏರಸು."

ಸವಣೂರಿನಿಂದ ಬಳೆ ಸರಗಳ ಮಲಾರ ಹೊತ್ತು ಬಂದಿದ್ದ ಚಮನಬಿ ಮತ್ತೆ ಮಣಿಕಟ್ಟು ಹಿಡಿದಳು. ಗಿಣ್ಣು ಒತ್ತಿ, ಅಂಗೈ ಮಡಿಸಿ, ಎಂಥ ಬಿಗಿ ಬಳೆಯನ್ನೂ ಒಡೆಯದಂತೆ ಏರಿಸುವುದರಲ್ಲಿ ಅವಳದು ಎತ್ತಿದ ಕೈ. ಇಲ್ಲಿ ಆ ಬಿಗಿಯೇ ಮುಳುವಾಗುತ್ತಿತ್ತು.

ಸರೋಜವ್ವನ ಎರಡೂ ಕಿಡ್ನಿ ಕೈಕೊಟ್ಟು ವರ್ಷದ ಮೇಲಾಗಿತ್ತು. ವಾರಕ್ಕೆರಡು ಸಲ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಡಯಾಲಿಸಿಸ್ ಮಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಈ ಸೀಮೆಯೊಳಗೆ ಆ ಹೆಸರು ಕೇಳಿದವರೇ ಕಡಿಮೆ. ಆ ಮಷಿನ್ನಿಗೆಂದೇ ಡಾಕ್ಟರು ಅವಳ ಎಡ ಮುಂಗೈಯಲ್ಲಿ ಎರಡು ರಕ್ತನಾಳ ಜೋಡಿಸಿದ್ದರು. ಸೂಜಿ ಚುಚ್ಚುವುದು ಅಲ್ಲೇ. ಬಿಗಿದು ಅದು ಮುಚ್ಚಿತೋ, ಮಷಿನ್ನಿಗೆ ದಾರಿಯೇ ಇಲ್ಲ. ಆ ಕೈಯಲ್ಲಿ ಅವಳು ಕೊಡ ಎತ್ತಲಿಲ್ಲ, ಆ ಮಗ್ಗುಲಿಗೆ ಮಲಗಲಿಲ್ಲ. ದಿನದ ನೀರನ್ನು ಸಣ್ಣ ತಂಬಿಗೆಯಲ್ಲಿ ಅಳೆದಿಟ್ಟುಕೊಂಡೇ ಕುಡಿದಳು. "ಸೋಮವಾರ, ಗುರುವಾರ ದವಾಖಾನಿ ಐತ್ರಿ, ಅವೆರಡು ಬಿಟ್ಟು ಯಾವ ದಿನರೆ ಮುಹೂರ್ತ ತಗೀರಿ" ಎಂದು ಅಯ್ಯನವರಿಗೇ ತಾಕೀತು ಮಾಡಿದ ಗಟ್ಟಿಗಿತ್ತಿ. ನಾಕು ಬಳೆಗೆ ಸೋಲುವಳೇ?

"ಅಕ್ಕಾರ, ಇಲ್ಲಿ ಬರ್ರಿ. ಇದರ ಮ್ಯಾಲೆ ಬೆರಳಿಡ್ರಿ."

ತಿಪ್ಪವ್ವ ಒಲ್ಲದ ಮನಸ್ಸಿನಿಂದ ತಮ್ಮನ ಹೆಂಡತಿಯ ಮುಂಗೈ ಮೇಲೆ ಎರಡು ಬೆರಳಿಟ್ಟಳು. ಇಟ್ಟವಳೇ ಸರೋಜವ್ವನ ಮುಖ ನೋಡಿದಳು.

"ಏನವಾ ಇದು? ಅಕ್ಕಿ ಗಿರಣಿ ಗ್ವಾಡಿಗೆ ಕೈ ಇಟ್ಟಂಗ ಗುಂಯ್ ಅನ್ನಾಕತ್ತೈತಿ."

"ರಕ್ತ ಹರಿಯೂದ್ರಿ ಅದು. ದಿನಾ ಮುಂಜಾನೆ ಏಳೂದಕ್ಕ ಮೊದಲ ಮುಟ್ಟಿ ನೋಡ್ತೇನಿ. ಗುಂಯ್ ಅಂದ್ರ ಎದ್ದು ಕಸಾ ಹೊಡೀತೇನಿ. ಇದು ನಿಂತ್ರ ನಾನೂ ನಿಂತಂಗ." ಸರೋಜವ್ವ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಮುತ್ತೈದಿಯಾಗಿ ಸತ್ರ ಪುಣ್ಯ ಅಂತೀರಿ. ನನಗ ಮುತ್ತೈದಿಯಾಗಿ ಬದುಕೂದೈತ್ರಿ, ಅಕ್ಕಾರ."

ಚಮನಬಿ ಹಿಡಿದಿದ್ದ ಕೈಯನ್ನು ಮೆಲ್ಲಗೆ ಸರೋಜವ್ವನ ತೊಡೆಯ ಮೇಲಿಟ್ಟಳು. ಎಡಗೈಗೆಂದು ತೆಗೆದಿರಿಸಿದ್ದ ಹಸಿರು ಬಳೆಗಳನ್ನೂ ಬಲಗೈಗೇ ಏರಿಸುತ್ತ ಹೋದಳು. ಮೊಣಕೈ ತನಕ ತುಂಬಿತು.

"ಎರಡೂ ಕೈದು ಬಳಿ ಒಂದ ಕೈಗೆ ಬಂದ್ವು, ನೋಡ್ರಿ" ಎಂದಳು. "ಯಾರರೆ ಕೇಳಿದ್ರ ನನ್ನ ಕಡೆ ಕಳಸ್ರಿ."

ಮರುದಿನ ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಮದುಮಕ್ಕಳ ಪಕ್ಕದಲ್ಲಿ ತಂದೆ ತಾಯಿಯನ್ನು ನಿಲ್ಲಿಸಿದರು. ಫೋಟೋ ತೆಗೆಯುವ ಗುದ್ಲೆಪ್ಪ ಕ್ಯಾಮರಾದಿಂದ ಮುಖ ಎತ್ತಿ, "ಅವ್ವಾರ, ಆ ಎಡಗೈ ಸೆರಗಿನಾಗ ಮುಚ್ಚಿಕೊಳ್ರಿ, ಚಂದ ಕಾಣಾಂಗಿಲ್ಲ" ಎಂದ.

ಸರೋಜವ್ವ ಏನನ್ನುವುದಕ್ಕೂ ಮೊದಲೇ ತಿಪ್ಪವ್ವ ಬೀಗರ ನಡುವಿನಿಂದ ದಾಪುಗಾಲು ಹಾಕುತ್ತ ಬಂದಳು. ತಮ್ಮನ ಹೆಂಡತಿಯ ಸೆರಗನ್ನು ತಾನೇ ಹಿಂದಕ್ಕೆ ಸರಿಸಿದಳು.

"ಆ ಕೈ ಕಾಣಂಗ ತಗಿಯೋ ತಮ್ಮಾ. ಈ ಲಗ್ನಾ ನಿಂತಿರೂದ ಆ ಕೈ ಮ್ಯಾಲೆ."