ಎತ್ತಿದ ಬಾನೆಟ್ಟು

ಮಾತು ಆಡಿದರೆ ಹೋಯ್ತು, ವೈರು ಲೂಸಾದರೆ ಹೋಯ್ತು ಅಂತಾರೆ. ಬೇರೆಯವರು ಅನ್ನದಿದ್ದರೂ ನಾನಂತೂ ಅಂತೀನಿ. ಯಾಕೆಂದರೆ ಇದು ನಡೆದದ್ದೇ.

ಅಣ್ಣ ತೀರಿಕೊಂಡಿದ್ದ. ಅವನ ಹಳೇ ಕಾರನ್ನು ಕೊಳ್ಳುವವರು ಅವತ್ತು ಸಂಜೆ ಬರುವವರಿದ್ದರು. ಕಾರೋ, ಹೆಡ್‌ಲೈಟ್ ಹಾಕಿದರೆ ಸಾಕು, ಎಂಜಿನ್ ಕೆಮ್ಮಿ ಕೆಮ್ಮಿ ಆಫ್ ಆಗುತ್ತಿತ್ತು.

"ಹೇಗಾದ್ರೂ ಸರಿಮಾಡಿ ಕಳಿಸಿಬಿಡೋ ವಾದಿ. ಇದನ್ನ ನೋಡ್ಕೊಂಡು ಇರೋಕಾಗಲ್ಲ ನನ್ ಕೈಲಿ," ಅಂದರು ಅತ್ತಿಗೆ.

ಅವರು ಸ್ಟೇರಿಂಗ್ ಹಿಡಿದು ಕೂತರು. ನಾನು ಬಾನೆಟ್ಟು ಎತ್ತಿ ಅದರ ಮರೆಗೆ ನಿಂತೆ. ಅಣ್ಣ ಇದ್ದಾಗಲೂ ಗಂಡ ಹೆಂಡತಿಯ ರಿಪೇರಿ ಹೀಗೇ ನಡೆಯುತ್ತಿತ್ತು: ಅವನು ಬಾನೆಟ್ಟಿನ ಮರೆಗೆ, ಅತ್ತಿಗೆ ಸ್ಟೇರಿಂಗಿನ ಹಿಂದೆ.

ಪ್ಲಗ್ ನೋಡಿದೆ, ಕಾಯಿಲ್ ನೋಡಿದೆ. ಕೊನೆಗೆ ಸಿಕ್ಕಿದ್ದು ಬ್ಯಾಟರಿಯ ಅರ್ತ್ ವೈರು. ಬೋಲ್ಟಿನಡಿ ತುಕ್ಕು ಹಿಡಿದು ಅಲ್ಲಾಡುತ್ತಿತ್ತು. ಉಜ್ಜಿ, ಬಿಗಿ ಮಾಡಿದೆ.

ಅಣ್ಣ ಹೋದಂದಿನಿಂದ ಅತ್ತಿಗೆ ನಕ್ಕಿರಲಿಲ್ಲ. ನನಗೋ ಕಾಲೇಜಿನಿಂದ ಬಂದ ಮಿಮಿಕ್ರಿ ಚಟ. ಗಂಟಲು ಸರಿಮಾಡಿಕೊಂಡು ಥೇಟ್ ಅಣ್ಣನ ದನಿಯಲ್ಲಿ ಗದರಿದೆ: "ಏನೇ ಮಹಾರಾಣಿ, ನಿದ್ದೆ ಬಂತಾ? ಆಕ್ಸಿಲರೇಟರ್ ತುಳಿಯೇ!"

ಅತಿಯಾಯ್ತೇನೋ ಎಂದು ನಾಲಗೆ ಕಚ್ಚಿಕೊಂಡೆ.

ಅಷ್ಟರಲ್ಲಿ ಎಂಜಿನ್ ಒಂದೇ ಸಮನೆ ಗುಂಯ್‌ಗುಟ್ಟಿತು. ಲೈಟು ಹತ್ತಿದರೂ ಕೆಮ್ಮಲಿಲ್ಲ. ಗೆದ್ದೆ ಎಂದು ನಕ್ಕೆ. ಅತ್ತಿಗೆ ನನಗಿಂತ ಜೋರಾಗಿ ನಕ್ಕರು.

ನಗುತ್ತಲೇ ಎಂಜಿನ್ ಆಫ್ ಮಾಡಿ ಇಳಿದು ಬಂದರು. ನನ್ನ ಕೈಯ ಸ್ಪ್ಯಾನರ್ ಕಸಿದುಕೊಂಡು ಬಿಗಿ ಮಾಡಿದ್ದ ಬೋಲ್ಟನ್ನು ಸಡಿಲಿಸಿದರು. ಮತ್ತೆ ಹೋಗಿ ಬಾನೆಟ್ಟಿನಾಚೆ ಕೂತು, ಇನ್ನೂ ಜೋರಾಗಿ ನಗುತ್ತ ಕೂಗಿದರು:

"ಸರಿಹೋಗಿಲ್ಲ ಕಣ್ರೀ, ಇನ್ನೊಂದ್ಸಲ ನೋಡ್ರೀ!"