ಮೊದಲು ಸಾಹೇಬರು

ಹುಣಸೆ ಮರದಡಿ ಕೂತು ಶಿವಗಂಗವ್ವ ಹಗ್ಗಕ್ಕೆ ಹರಳೆಣ್ಣೆ ಸವರಿದಳು. ಪುಣೆಗೆ ಬಂದು ಏಳು ವರ್ಷ. ಅವರಿದ್ದ ವಾಡೆಯ ಅಂಗಳದಲ್ಲಿ ಮರವಿಲ್ಲದೆ ಏಳು ನಾಗರಪಂಚಮಿ ಜೋಕಾಲಿಯಿಲ್ಲದೆ ಕಳೆದಿದ್ದವು. ಈ ಸಲ ಧಾರವಾಡ ಕಡೆಯ ಹೆಂಗಸರೆಲ್ಲ ಸೇರಿ ಸರಕಾರಿ ಉದ್ಯಾನಕ್ಕೇ ಬಂದಿದ್ದರು. ಜೋಕಾಲಿ ಕಟ್ಟಿ ಮುಗಿಸುವಷ್ಟರಲ್ಲಿ ಅವಳ ಗಂಡ ಗೂಳಪ್ಪ ಬಂದುಬಿಟ್ಟ. ಊರಿನ ಉದ್ಯಾನಗಳಿಗೆಲ್ಲ ಅವನೇ ಸಾಹೇಬ.

"ಯಾರನ್ನ ಕೇಳಿ ಕಟ್ಟೀರಿ? ಮೊದಲ ಬಿಚ್ಚರಿ!"

ಹೆಂಗಸರ ಮುಖ ಬಾಡಿತು. ಶಿವಗಂಗವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. "ಹೊಸಾ ಜೋಕಾಲಿ ಗಟ್ಟಿ ಅದನೋ ಇಲ್ಲೋ, ಮೊದಲ ಸಾಹೇಬರ ಕೂತು ನೋಡಬೇಕು. ನೀವ ಮಾಡಿದ ಕಾಯ್ದೆ ಅಲ್ಲೇನ್ರಿ? ನೋಡದ ಹೆಂಗ ಬಿಚ್ಚಸ್ತೀರಿ?"

ಮಕ್ಕಳು ಬೀಳಬಾರದೆಂದು ಆ ಕಾಯ್ದೆ ಬರೆದವನು ಅವನೇ. ಸೋಲಾ ಟೋಪಿ ತೆಗೆದು ಹೆಂಡತಿಯ ಕೈಗಿತ್ತು ಹಲಗೆಯ ಮೇಲೆ ಕೂತ. ಎಲ್ಲ ಕಡೆ ಹಾಗೆ ಕೂತು ಎದ್ದುಬಿಡುವವನು. ಇಲ್ಲಿ ಏಳುವ ಮೊದಲೇ ಹಿಂದಿನಿಂದ ಯಾರೋ ನೂಕಿದರು. ಕಾಲು ನೆಲ ಬಿಟ್ಟವು. ಎರಡನೆಯ ನೂಕಿಗೆ ಅವನಿಗೇ ತಿಳಿಯದಂತೆ ನಗು ಉಕ್ಕಿತು. ಶಿವಗಂಗವ್ವ ಟೋಪಿಯನ್ನು ತನ್ನ ತಲೆಗಿಟ್ಟುಕೊಂಡಳು. ಹೆಂಗಸರು ಹೋ ಎಂದು ಇನ್ನೂ ಜೋರಾಗಿ ನೂಕಿದರು.

"ಗಟ್ಟಿ ಅದ, ಭಾಳ ಗಟ್ಟಿ ಅದ! ಇನ್ನ ನನ್ನ ಇಳಸ್ರಿ!"