ಸದ್ದು ಮಾಡಿದ್ದು ಟ್ರೇಯೊಳಗೆ

"ಅಪ್ಪಾ, ಈಗ ನಿನ್ನ ಸರದಿ!" ಎಂದು ಮಗಳು ಕೂಗಿದ್ದೇ ತಡ, ತಪಾಸಣೆ ಮುಗಿಸಿ ಶಾಲೆಯಂಗಳದಲ್ಲಿ ಗುಂಪುಗಟ್ಟಿದ್ದ ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಗೇಟಿಗೆ ಹೊಸದಾಗಿ ಬಂದಿದ್ದ ಮೆಟಲ್ ಡಿಟೆಕ್ಟರ್ ಬೆಳಗಿನಿಂದ ಕಂಪಾಸ್ ಬಾಕ್ಸಿಗೆ, ಊಟದ ಡಬ್ಬಿಗೆ, ಕೊನೆಗೆ ಹೆಡ್‌ಮೇಡಂ ಬೀಗದ ಕೈಗೊಂಚಲಿಗೂ ಕಿರುಚಿತ್ತು. ಕಾವಲಿಗೆ ಬಂದಿದ್ದ ಅವಳ ಪೊಲೀಸಪ್ಪ ಪ್ರತಿ ಸಲವೂ ಟ್ರೇ ಚಾಚಿ, "ಸದ್ದು ಮಾಡಿದ್ದು ಇದರೊಳಗೆ. ಯಾರಿಗೂ ವಿನಾಯಿತಿ ಇಲ್ಲ" ಎಂದು ಗತ್ತಿನಿಂದ ಹೇಳಿದ್ದ.

ಈಗ ಅವನೂ ಗೇಟಿನಾಚೆ ಹೋಗಿ, ಮೀಸೆ ತಿರುವಿ, ಎದೆಯುಬ್ಬಿಸಿಕೊಂಡು ಒಳಗೆ ಕಾಲಿಟ್ಟ. ಯಂತ್ರ ಕಿವಿ ಗಡಚಿಕ್ಕುವಂತೆ ಅರಚಿತು. ಒಂದೊಂದೇ ಮಿನುಗುತ್ತಿದ್ದ ಕೆಂಪು ದೀಪಗಳೆಲ್ಲ ಒಟ್ಟಿಗೆ ಹೊತ್ತಿದವು. ಮಕ್ಕಳು ಕುಣಿದು ಕುಪ್ಪಳಿಸಿದರು. ಮಗಳು ಟ್ರೇ ಹಿಡಿದು ಓಡಿಬಂದಳು. "ಸದ್ದು ಮಾಡಿದ್ದು ಇದರೊಳಗೆ, ಅಪ್ಪಾ!"

ನಗುತ್ತಲೇ ಅವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಅದನ್ನು ಬಿಚ್ಚಿಡುವಂತಿಲ್ಲ, ಇಲಾಖೆಯ ಕಟ್ಟಪ್ಪಣೆ. ಆದರೆ ಕೈ ಅಲ್ಲಿಗೆ ಹೋದದ್ದೇ, ಎದುರಿಗಿದ್ದ ಪುಟಾಣಿ ಹುಡುಗಿಯೊಬ್ಬಳು ನಗು ನಿಲ್ಲಿಸಿ ಮಗಳ ಬೆನ್ನ ಹಿಂದೆ ಅಡಗಿದಳು.

ಅವನು ಅದನ್ನು ಕಂಡ. ತಟ್ಟನೆ ಕೈ ತೆಗೆದು, ಬಂದ ದಾರಿಯಲ್ಲೇ ಹಿಂದೆ ಸರಿದು, ಗೇಟಿನಾಚೆ ಬೀದಿಯಲ್ಲಿ ನಿಂತ. "ನಾನು ಹೊರಗೇ ಇರ್ತೀನಿ, ಪುಟ್ಟೀ. ನೀವೆಲ್ಲ ಕ್ಲಾಸಿಗೆ ಹೋಗಿ."

ಅಡಗಿದ್ದ ಪುಟಾಣಿಯೇ ಎಲ್ಲರಿಗಿಂತ ಮೊದಲು ಹೋ ಎಂದು ಚಪ್ಪಾಳೆ ತಟ್ಟಿದಳು.